ಒಣದ್ರಾಕ್ಷಿ ದರದ ಲೆಕ್ಕ ಬದಲಾಗಿದೆ

ಗ್ರಾಹಕರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಕಿಲೋಗೆ 217 ರೂಪಾಯಿ ಇದ್ದ ನಮ್ಮ ಸಾದಾ ಒಣದ್ರಾಕ್ಷಿ ಇವತ್ತಿನಿಂದ 202 ರೂಪಾಯಿ. ಮಾರ್ಕೆಟ್ ಇಳಿದಿಲ್ಲ. ನಮ್ಮ ಲೆಕ್ಕದ ರೀತಿಯೇ ಸರಿ ಇರಲಿಲ್ಲ.

ಇದನ್ನು ಹಿಡಿದವರು ನಮ್ಮವರಲ್ಲ, ಮಿಠಾಯಿ ಅಂಗಡಿ ನಡೆಸುವ ಒಬ್ಬ ಗ್ರಾಹಕರು. ಕೌಂಟರ್ ಪಕ್ಕ ಅಂಟಿಸಿದ ಖರೀದಿ ಪಟ್ಟಿಯ ಮೇಲೆ ಬೆರಳಾಡಿಸುತ್ತಾ, "ಒಂದು ಬಿಟ್ರ ಎಲ್ಲಾ ಮಣೂಕ (ಒಣದ್ರಾಕ್ಷಿ) 190ರ ಒಳಗೇ ಐತಲ್ರೀ, ಸರಾಸರಿ 195 ಹೆಂಗಾತು?" ಎಂದು ಕೇಳಿದರು. ನಮ್ಮ ಹುಡುಗ ಎರಡು ಸಲ ಕೂಡಿಸಿದ. ಎರಡು ಸಲವೂ 195 ಬಂತು.

ಪಟ್ಟಿಯಲ್ಲಿ ಒಂಬತ್ತು ಲಾಟುಗಳ, ಅಂದರೆ ಒಂದೊಂದು ಸಲ ಕೊಂಡ ಮಾಲಿನ, ಕಿಲೋ ದರ ಹೀಗಿತ್ತು: 172, 175, 178, 180, 180, 182, 184, 186, 318. ಕೂಡಿಸಿದರೆ 1755, ಒಂಬತ್ತರಿಂದ ಭಾಗಿಸಿದರೆ 195. ಕೊನೆಯದನ್ನು ಬಿಟ್ಟು ನೋಡಿ, 180ಕ್ಕೂ ಸ್ವಲ್ಪ ಕಡಿಮೆ. ಒಂದೇ ಒಂದು ಲಾಟು ಸರಾಸರಿಯನ್ನು 15 ರೂಪಾಯಿ ಮೇಲೆ ಎಳೆದಿತ್ತು. ಅದು ಉದ್ದ ಕಾಳಿನ, ಕಡ್ಡಿ ಒಂದೂ ಇಲ್ಲದ ಮಾಲು. ಇದ್ದದ್ದು ನಾಲ್ಕೇ ಬಾಕ್ಸ್, 60 ಕಿಲೋ. ಅದನ್ನು ಬೇರೆಯಾಗಿ, ಬೇರೆ ದರಕ್ಕೆ ಮಾರಿದ್ದೇವೆ. ಅಂದರೆ ನೀವು ತಿನ್ನದ ದ್ರಾಕ್ಷಿಗೂ ನಿಮ್ಮಿಂದ ದುಡ್ಡು ತೆಗೆದುಕೊಂಡಂತಾಯಿತು, ಅಲ್ವಾ?

ಇನ್ನು ಮುಂದೆ ಲಾಟುಗಳ ದರವನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದು, ನಟ್ಟನಡುವೆ ನಿಂತದ್ದನ್ನು ಹಿಡಿಯುತ್ತೇವೆ. ಶಾಲೆಯಲ್ಲಿ ಮಧ್ಯಾಂಕ ಅಂತ ಕಲಿತಿದ್ದೆವಲ್ಲ, ಅದೇ. ಈ ಪಟ್ಟಿಯಲ್ಲಿ ಅದು ಐದನೆಯದು, 180. ಕೊನೆಯದು 318 ಇರಲಿ, 3000 ಇರಲಿ, ಮಧ್ಯಾಂಕ ಅಲ್ಲಾಡುವುದಿಲ್ಲ. ಅದರ ಮೇಲೆ ಸ್ವಚ್ಛ ಮಾಡುವ, ಪ್ಯಾಕ್ ಮಾಡುವ ಖರ್ಚು ಮೊದಲಿನಂತೆ 22 ರೂಪಾಯಿ, ಒಟ್ಟು 202.

ಗುಂಪು ಬಿಟ್ಟು ನಿಂತ ಅಂಕಿ ಯಾವುದು ಅಂತ ಕಣ್ಣಳತೆಯಲ್ಲಿ ಹೇಳಿದರೆ ಜಗಳ ತಪ್ಪಿದ್ದಲ್ಲ. ಅದಕ್ಕೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಹೇಳಿದ ಅಳತೆ ಇಟ್ಟುಕೊಂಡಿದ್ದೇವೆ. ಕಡಿಮೆ ಇರುವ ನಾಲ್ಕು ದರಗಳ ನಡು (ಮಧ್ಯದ ಎರಡರ ಸರಾಸರಿ) 176.5, ಹೆಚ್ಚಿರುವ ನಾಲ್ಕರದ್ದು 185. ಅಂತರ 8.5. ಅದರ ಒಂದೂವರೆ ಪಟ್ಟು 12.75. ಇದನ್ನು 185ಕ್ಕೆ ಕೂಡಿಸಿದರೆ 197.75, 176.5ರಲ್ಲಿ ಕಳೆದರೆ 163.75. ಈ ಬೇಲಿಯ ಆಚೆ ಬಿದ್ದದ್ದರ ಮೇಲೆ ಕೆಂಪು ಗುರುತು ಹಾಕುತ್ತೇವೆ.

ಗುರುತು ಹಾಕುತ್ತೇವೆ, ಅಳಿಸುವುದಿಲ್ಲ. ಮೊದಲು ಮಾಲು ತಂದವರಿಗೆ ಫೋನ್ ಮಾಡಿ ಕೇಳುತ್ತೇವೆ. ಹಿಂದೊಮ್ಮೆ 180 ಬರೆಯುವ ಕಡೆ ಸೊನ್ನೆ ಬಿಟ್ಟು 18 ಅಂತ ಬರೆದಿದ್ದೆವು. ಒಂಬತ್ತು ಲಾಟಿನ ಸರಾಸರಿ ಸೀದಾ 18 ರೂಪಾಯಿ ಇಳಿಯಿತು. ಆ ತಿಂಗಳು ಯಾರೂ ತಕರಾರು ಮಾಡಲಿಲ್ಲ ಬಿಡಿ! ಅಂಥದ್ದನ್ನು ತಿದ್ದಲೇಬೇಕು. ಆದರೆ ಒಣಗಿಸುವ ಹೊತ್ತಿನಲ್ಲಿ ಅಕಾಲ ಮಳೆ ಬಂದು, ಶೆಡ್ಡಿಗೆ ತೇವ ಹೊಕ್ಕು, ದ್ರಾಕ್ಷಿ ಕಪ್ಪಾಗಿ ದರ ಬಿದ್ದರೆ ಅದು ಬರೆಯುವ ತಪ್ಪಲ್ಲ. ರೈತರಿಗೆ ಕೈಗೆ ಸಿಕ್ಕಿದ್ದೇ ಅಷ್ಟು. ಆ ಅಂಕಿ ಪಟ್ಟಿಯಲ್ಲಿ ಹಾಗೇ ಇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಎಲ್ಲಾ ಲಾಟೂ ಏರಿದರೆ ಮಧ್ಯಾಂಕವೂ ಏರುತ್ತದೆ. ಆಗ ನಿಮ್ಮ ದರವೂ ಜಾಸ್ತಿಯಾಗುತ್ತದೆ.

ಹೋದ ತಿಂಗಳು 217ರ ದರದಲ್ಲಿ ಕೊಂಡವರು ಬಿಲ್ ತನ್ನಿ. ಕಿಲೋಗೆ 15 ರೂಪಾಯಿ ಮುಂದಿನ ಖರೀದಿಯಲ್ಲಿ ಮುರಿದುಕೊಳ್ಳುತ್ತೇವೆ. ಬಿಲ್ ಕಳೆದಿದ್ದರೂ ಬನ್ನಿ, ನಮ್ಮ ಪುಸ್ತಕದಲ್ಲಿ ಇರುತ್ತದೆ. ಪ್ರಶ್ನೆ ಕೇಳಿದ ಅಣ್ಣಾವರಿಗೆ ಅರ್ಧ ಕಿಲೋ ಉದ್ದ ಕಾಳಿನದು ಎತ್ತಿಟ್ಟಿದ್ದೇವೆ.

ಇಂತಿ ನಿಮ್ಮ,
ಕಾರ್ಯದರ್ಶಿ
ದ್ರಾಕ್ಷಿ ಬೆಳೆಗಾರರ ಸಂಘ, ವಿಜಯಪುರ