ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ

ಮಾನ್ಯ ಸಂಪಾದಕರೇ,

ಮತ್ತಿಕೆರೆಯಿಂದ ಬೊಮ್ಮಸಂದ್ರಕ್ಕೆ ದಿನವೂ ಹೇಗೆ ಹೋಗಿಬರುತ್ತೀರಿ ಎಂದು ಕೇಳುವವರು, ‘ಈಗ ಹಳದಿ ಮೆಟ್ರೊ ಬಂದಿದೆಯಲ್ಲ, ಇನ್ನೇನು ಚಿಂತೆ?’ ಎಂದು ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ನಾನು ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕಳೆದವಳು. ಕೂಡಿ ಕಳೆದು ನೋಡದೆ ಯಾವುದನ್ನೂ ಒಪ್ಪುವ ಅಭ್ಯಾಸವಿಲ್ಲ. ಮನೆಯ ಬಾಗಿಲು ಎಳೆದುಕೊಂಡ ಗಳಿಗೆಯಿಂದ ಹಾಜರಿ ಯಂತ್ರಕ್ಕೆ ಬೆರಳು ಒತ್ತುವ ಗಳಿಗೆಯವರೆಗಿನ ಸಮಯವನ್ನು ಹಳೆಯ ಡೈರಿಯ ಖಾಲಿ ಹಾಳೆಗಳಲ್ಲಿ ಮೂರು ತಿಂಗಳು ಬರೆದಿಟ್ಟೆ.

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅದಾದ ಮೇಲೆ ಒಂದು ತಿಂಗಳು ಎರಡೂ ಹೊತ್ತು ಮೆಟ್ರೊವನ್ನೇ ನೆಚ್ಚಿಕೊಂಡೆ. ಯಶವಂತಪುರದಲ್ಲಿ ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಬದಲಾವಣೆ, ಮಧ್ಯೆ ಮೆಜೆಸ್ಟಿಕ್‌ನಲ್ಲಿ ಇಳಿಯುವ ಗೋಜಿಲ್ಲ. ಮೊಬೈಲ್ ತೋರಿಸುವುದೂ ಇದೇ ದಾರಿ. ಆದರೆ ಅದೇ ವರ್ಷದ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತ್ತು. ಸ್ಮಾರ್ಟ್ ಕಾರ್ಡ್‌ನ ಶೇ 5ರ ರಿಯಾಯಿತಿ ಕಳೆದರೆ 85.50. ಇಪ್ಪತ್ತೆರಡು ದಿನ, ಎರಡೂ ಹೊತ್ತು ಎಂದರೆ 3,762 ರೂಪಾಯಿ. ನಮ್ಮ ಮನೆಯ ಹಾಲು, ವಿದ್ಯುತ್ ಎರಡೂ ಸೇರಿದರೂ ಅಷ್ಟಾಗದು. ಸಾಮಾನ್ಯ ಬಸ್ಸಿನಲ್ಲಾದರೆ ಶಕ್ತಿ ಯೋಜನೆಯಿಂದಾಗಿ ನನಗೆ ಖರ್ಚೇ ಇಲ್ಲ.

ಯಶವಂತಪುರದಿಂದ ಹೊಸೂರಿನ ಕಡೆ ಹೋಗುವ ಮೆಮು ರೈಲಿನಲ್ಲಿ ಹೀಲಲಿಗೆಯವರೆಗೂ ಒಂದು ವಾರ ಹೋಗಿ ನೋಡಿದೆ. ಕಿಟಕಿಯ ಪಕ್ಕ ಕುಳಿತು ಹೋಗುವುದು ಸುಖವೇ. ನನ್ನ ಹಾಜರಿಯ ಸಮಯಕ್ಕೂ ಅದರ ಸಮಯಕ್ಕೂ ಜಾತಕ ಕೂಡಲಿಲ್ಲ.

ಡೈರಿಯನ್ನು ತಿರುವಿಹಾಕಿದಾಗ ಕಂಡದ್ದು ಇಷ್ಟು. ಬೆಳಿಗ್ಗೆ ಆರೂಕಾಲಕ್ಕೆ ಮತ್ತಿಕೆರೆಯಲ್ಲಿ ಬಸ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹೊಸೂರು ರಸ್ತೆಯ 356 ಸರಣಿಯ ಬಸ್ ಹಿಡಿದರೆ, ಮೆಟ್ರೊಗಿಂತ ನನಗೆ ಹೆಚ್ಚು ತಗಲುವುದು ಹತ್ತು–ಹದಿನೈದು ನಿಮಿಷ ಮಾತ್ರ. ವಾಹನ ದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ಆ ಹೊತ್ತಿಗೆ ಇನ್ನೂ ಆಕಳಿಸುತ್ತಿರುತ್ತದೆ. ಸಂಜೆ ಐದೂವರೆಯ ಮಾತು ಬೇರೆ. ಅದೇ ಬಸ್ಸು, ಅದೇ ರಸ್ತೆ, ಮನೆ ಸೇರಲು ಎರಡೂವರೆ ಗಂಟೆ. ಮಳೆ ಬಂದರೆ ಮೂರು. ಕೂಡ್ಲು ಗೇಟ್‌ನಿಂದ ಬೊಮ್ಮನಹಳ್ಳಿ ದಾಟುವಷ್ಟರಲ್ಲಿ ರಾತ್ರಿಯ ಸಾರಿಗೆ ಬೇಳೆ ನೆನೆಹಾಕಿ ಬಂದಿದ್ದೇನೆಯೇ ಎಂದು ಹತ್ತು ಸಲ ಯೋಚಿಸಬಹುದು. ಮೆಟ್ರೊದಲ್ಲಿ ಒಂದೂವರೆ ಗಂಟೆ. ಹಳದಿ ರೈಲು ಬೊಮ್ಮಸಂದ್ರದಿಂದಲೇ ಹೊರಡುವುದರಿಂದ ನನಗೆ ಕೂರಲು ಜಾಗವೂ ಸಿಗುತ್ತದೆ. ಐವತ್ತು ದಾಟಿದ ಮಂಡಿಗೆ ಅದರ ಬೆಲೆ ಗೊತ್ತು. ಯಶವಂತಪುರದಲ್ಲಿ ಇಳಿದು, ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡು, ಮನೆಗೆ ನಡೆದೇ ಹೋಗುತ್ತೇನೆ.

ಬೆಳಿಗ್ಗೆ ಬಸ್, ಸಂಜೆ ಮೆಟ್ರೊ ಎಂಬುದು ಈಗ ನನ್ನ ಏರ್ಪಾಡು. ಗಂಡಸರಾದ ಸಹೋದ್ಯೋಗಿಗಳಿಗೆ ಈ ಲೆಕ್ಕ ಪೂರ್ತಿ ಒಗ್ಗದು, ನಿಜ. ಅವರು ಬಸ್ಸಿಗೂ ದುಡ್ಡು ಕೊಡಬೇಕು. ಆದರೂ ನನ್ನ ಡೈರಿಯ ಹಾಳೆಗಳನ್ನು ಕಂಡು ಇಬ್ಬರು ತಮ್ಮದೂ ಬರೆಯತೊಡಗಿದ್ದಾರೆ. ಹೋಗುವ ದಾರಿಯಲ್ಲೇ ಹಿಂತಿರುಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ನನ್ನಂತೆ ಒಂದೇ ಹೊತ್ತು ಮೆಟ್ರೊ ಹತ್ತುವವರು ಈ ನಗರದಲ್ಲಿ ಇನ್ನೂ ಇರಬೇಕು. ನಮಗಾಗಿ ಒಂದೇ ದಿಕ್ಕಿನ ತಿಂಗಳ ಪಾಸ್ ಕೊಡಲು ಸಾಧ್ಯವೇ ಎಂದು ಸಂಬಂಧಪಟ್ಟವರು ಯೋಚಿಸಬಹುದು. ತಿಂಗಳಿಗೆ 1,500 ರೂಪಾಯಿ ಎಂದು ಇಟ್ಟರೂ ನಾನು ಮೊದಲ ದಿನವೇ ಸಾಲಿನಲ್ಲಿ ನಿಲ್ಲುತ್ತೇನೆ.

ಸೋಮವಾರದ ಬೆಳಗು ಮಾತ್ರ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ. ಊರುಗಳಿಂದ ಮರಳುವ ಬಸ್ಸುಗಳೆಲ್ಲ ಆಗಲೇ ನಗರದೊಳಕ್ಕೆ ನುಗ್ಗುವುದರಿಂದ ಮೆಜೆಸ್ಟಿಕ್ ಸುತ್ತಲೂ ಜಾತ್ರೆ. ಆ ಒಂದು ದಿನ ಎರಡೂ ಹೊತ್ತು ಮೆಟ್ರೊ. ನಾಲ್ಕು ಸೋಮವಾರಗಳ 342 ರೂಪಾಯಿಯೂ ಸೇರಿ ತಿಂಗಳಿಗೆ 2,223 ಆಗುತ್ತದೆ.

– ಓದುಗರೊಬ್ಬರು, ಮತ್ತಿಕೆರೆ, ಬೆಂಗಳೂರು