ಆ ಸಾಲು ಯಾರದ್ದು, ತಂಗಿ?

ಪ್ರೀತಿಯ ತಂಗಿ,

ನಿಮ್ಮ ಗುಂಪಿನ ರ‍್ಯಾಪ್ ಹಾಡು ಕೇಳಿದೆ. ಮೂರು ಸಲ. ಮೊದಲ ಸಲ ಮೊಮ್ಮಗನ ಫೋನಿನಲ್ಲಿ, ಬೀಟ್ ತಗಡು ಬಡಿದ ಹಾಗೆ ಕೇಳಿತು. ಆಮೇಲೆ ಅವನೇ ಇಯರ್‌ಫೋನ್ ಹಾಕಿಕೊಟ್ಟ. ಮೂರನೇ ಸಲ ನೀನು ಕಳಿಸಿದ ನೋಟ್‌ಬುಕ್ಕಿನ ಫೋಟೋಗಳನ್ನು ಮುಂದಿಟ್ಟುಕೊಂಡು ಕೇಳಿದೆ.

ಏಳು ಪ್ರಶ್ನೆ ಕೇಳಿದ್ದೀಯ. ಮೈಕ್ ಯಾವುದು, ಮಾಸ್ಟರಿಂಗ್‌ಗೆ ಎಷ್ಟು ಕೊಡಬೇಕು, ಶುಕ್ರವಾರವೇ ರಿಲೀಸ್ ಮಾಡಬೇಕಾ, ರೀಲ್ಸ್ ಎಷ್ಟು ಹಾಕಬೇಕು ಅಂತೆಲ್ಲ. ಇವಕ್ಕೆ ನಿಮ್ಮ ಬೀಟ್ ಮಾಡಿದ ಹುಬ್ಬಳ್ಳಿ ಹುಡುಗ ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಾನೆ. ಕಿಟಕಿಗೆ ಕೌದಿ ಕಟ್ಟಿ ಮನೆಯ ಮೂಲೆಯಲ್ಲೇ ಅಷ್ಟು ಚೊಕ್ಕವಾಗಿ ದನಿ ಹಿಡಿದವನಿಗೆ ನಾನೇನು ಹೇಳಲಿ?

ನಾನು ಬರೆಯಲು ಕೂತದ್ದು ನಿನ್ನ ಪತ್ರದ ಕೊನೆಯ ಮಾತಿಗೆ. 'ಎಲ್ಲರೂ ಹೊಗಳ್ತಿರೋ ಸಾಲು ನಂದಲ್ಲ ಸರ್. ಮೂರು ವಾರದಿಂದ ಏನೂ ಬರೆಯೋಕಾಗ್ತಿಲ್ಲ.'

ಸಿಂಹಾಸನ, ಸಿಂಹಿಣಿ ಅಂತ ಬರುತ್ತದಲ್ಲ, ಅದೇ ತಾನೇ? ನೀನು ಹೇಳುವ ಮೊದಲೇ ಗೊತ್ತಾಗಿತ್ತು. ಉಳಿದ ಹದಿನೈದು ಸಾಲಿಗೆ ನಿಮ್ಮ ಓಣಿಯ ಧೂಳು ಮೆತ್ತಿಕೊಂಡಿದೆ. ಅದೊಂದು ಸಾಲು ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದೆ. ಕೆಟ್ಟ ಸಾಲೇನಲ್ಲ. ಆದರೆ ವಿಡಿಯೋದ ಕೆಳಗೆ ಬೀಟ್ ಯಾರದು, ಹುಕ್ ಅಂದರೆ ಮತ್ತೆ ಮತ್ತೆ ಬರುವ ಸಾಲು ಹಾಡಿದ್ದು ಯಾರು, ಥಂಬ್‌ನೇಲ್ ಮಾಡಿದ್ದು ಯಾರು ಎಂದೆಲ್ಲ ಬರೆದಿದ್ದೀರಿ. ಆ ಸಾಲನ್ನು ಬರೆದುಕೊಟ್ಟ ಮೊಬೈಲ್ ಅಂಗಡಿ ಹುಡುಗನ ಹೆಸರು ಎಲ್ಲಿ?

ನಿನಗೆ ಹಿಪ್‌ಹಾಪ್ ಕಥೆ ನನಗಿಂತ ಜಾಸ್ತಿ ಗೊತ್ತು. ಆದರೂ ಇದನ್ನು ಕೇಳು. 1979ರಲ್ಲಿ ಅಮೆರಿಕದ ಶುಗರ್‌ಹಿಲ್ ಗ್ಯಾಂಗ್‌ನ 'ರ‍್ಯಾಪರ್ಸ್ ಡಿಲೈಟ್' ಬಂತು. ರ‍್ಯಾಪ್ ಬೀದಿ ಪಾರ್ಟಿಗಳಿಂದ ಹೊರಬಿದ್ದು ರೇಡಿಯೋ ಹತ್ತಿದ್ದು ಆ ಹಾಡಿನಿಂದ. ಹಾಡಿದ ಮೂವರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಒಬ್ಬ. ಅವನು ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಅವನು ಹಾಡಿದ ಸಾಲುಗಳು ನ್ಯೂಯಾರ್ಕಿನ ಬ್ರಾಂಕ್ಸ್‌ನ ರ‍್ಯಾಪರ್ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್‌ನ ನೋಟ್‌ಬುಕ್ಕಿನವು. ಕ್ಯಾಜ್‌ಗೆ ಆಗ 'ಕ್ಯಾಸನೋವಾ ಫ್ಲೈ' ಎಂಬ ಹೆಸರಿತ್ತು. ತನ್ನ ಸಾಲಿನಲ್ಲಿ ಆ ಹೆಸರನ್ನು ಅಕ್ಷರ ಬಿಡಿಸಿ ಬಿಡಿಸಿ ಹೇಳಿಕೊಂಡಿದ್ದ. ಹ್ಯಾಂಕ್ ಅದನ್ನೂ ಹಾಗೇ ಹಾಡಿಬಿಟ್ಟ! ಇವತ್ತಿಗೂ ಆ ಹಾಡು ಹಾಕಿದರೆ ಒಬ್ಬನ ಬಾಯಲ್ಲಿ ಇನ್ನೊಬ್ಬನ ಹೆಸರು ಕೇಳುತ್ತದೆ. ಆ ಡಿಸ್ಕಿನ ಮೇಲೆ ಮಾತ್ರ ಕ್ಯಾಜ್‌ನ ಹೆಸರು ಬರಲಿಲ್ಲ.

ಇನ್ನೊಬ್ಬರ ಮಾತು ಹಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಗಾಬರಿಯಾಗಬೇಡ. ನಮ್ಮ ಕಡೆ ಹರದೇಶಿ-ನಾಗೇಶಿ ಎಂಬ ಎರಡು ಪಕ್ಷದ ಹಾಡುಗಾರರ ಮೇಳಗಳು ರಾತ್ರಿಯಿಡೀ ಸವಾಲ್-ಜವಾಬ್ ಹಾಡುತ್ತಿದ್ದವು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ದಪ್ಪು ಬಡಿದು ಜಗಳ. ನೀವು ಬ್ಯಾಟಲ್ ಅನ್ನುತ್ತೀರಲ್ಲ, ಅದೇ. ಹಿಮ್ಮೇಳದವರು 'ಗೀ ಗೀ' ಎಂದು ಎತ್ತಿಕೊಳ್ಳುವುದು ನಿಮ್ಮ ಹುಕ್ ಇದ್ದ ಹಾಗೆ. ಹಾಡುವವರು ಎಷ್ಟೋ ಸಲ ಬೇರೆ ಕವಿಯ ಪದವನ್ನೇ ಹಾಡುತ್ತಿದ್ದರು. ಆದರೆ ಕೊನೆಯ ನುಡಿಯಲ್ಲಿ ಆ ಕವಿಯ ಊರು, ದೇವರು, ಹೆಸರು ಬರುತ್ತಿತ್ತು. ಅದನ್ನು ನುಂಗಿದರೆ ಎದುರು ಮೇಳದವರು ಅಲ್ಲೇ ಹಿಡಿಯುತ್ತಿದ್ದರು.

ಈಗ ನನ್ನ ಕಥೆ. ಇದನ್ನು ಮೊಮ್ಮಗನಿಗೂ ಹೇಳಿಲ್ಲ. ಧಾರವಾಡದಲ್ಲಿ ಓದುವಾಗ ನಾವಿಬ್ಬರು ಗೆಳೆಯರು ಒಂದೇ ಕೋಣೆಯಲ್ಲಿದ್ದೆವು. ಕವನ ಸ್ಪರ್ಧೆಗೆ ನಾನು ಬರೆದ ಪದ್ಯ ಕೊನೆಯಲ್ಲಿ ಕುಂಟುತ್ತಿತ್ತು. ಅವನು ಹಲ್ಲುಜ್ಜುತ್ತಾ ಒಂದು ಸಾಲು ಹೇಳಿದ. ಹಾಕಿಕೊಂಡೆ. ಮೊದಲ ಬಹುಮಾನ ಬಂತು. ತೀರ್ಪುಗಾರರು ಆ ಒಂದು ಸಾಲನ್ನೇ ಎರಡು ಸಲ ಓದಿದರು. ಮೂರನೇ ಸಾಲಿನಲ್ಲಿ ಕೂತಿದ್ದ ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆಮೇಲೆ ಎರಡು ವರ್ಷ ನಾನು ಅವನ ಹಾಗೆ ಬರೆಯಲು ಒದ್ದಾಡಿದೆ. ಜನ ಕೇಳುತ್ತಿದ್ದದ್ದು ಅದನ್ನೇ ಅಲ್ವಾ? ಪುಸ್ತಕ ಬಂದಾಗ ಅವನ ಹೆಸರು ಹಾಕಬಹುದಿತ್ತು. ಎರಡನೇ ಮುದ್ರಣದಲ್ಲಿ ಹಾಕೋಣ ಅಂದುಕೊಂಡೆ. ಎರಡನೇ ಮುದ್ರಣ ಬರಲಿಲ್ಲ. ತಪ್ಪನ್ನು ಪ್ರಕಾಶಕರ ತಲೆಗೆ ಕಟ್ಟಿ ಆರಾಮಾಗಿ ಇದ್ದುಬಿಟ್ಟೆ. ಅವನೀಗ ಹಾವೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೋದಾಗಲೆಲ್ಲ ಚಹಾ ತರಿಸುತ್ತಾನೆ. ಮಳೆ ಬಗ್ಗೆ, ಹತ್ತಿ ರೇಟಿನ ಬಗ್ಗೆ ಮಾತಾಡಿ ಬಸ್ ಹತ್ತುತ್ತೇನೆ.

ನಿನ್ನ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ನೋಡಿದೆ. 'ಹುಲಿ' ಅಂತ ಬರೆದು ಹೊಡೆದು ಹಾಕಿದ್ದೀಯ. ಕೆಳಗೆ 'ಕಿರೀಟ'. ಅದನ್ನೂ ಹೊಡೆದಿದ್ದೀಯ. ಅಂದರೆ ಇನ್ನೊಂದು ಸಿಂಹಿಣಿ ಹುಡುಕುತ್ತಾ ಕೂತಿದ್ದೀಯ. ಅದು ನಿನ್ನ ಹತ್ತಿರ ಇಲ್ಲ ಮಾರಾಯ್ತಿ, ಆ ಹುಡುಗನ ಹತ್ತಿರ ಇದೆ! ನಿನ್ನ ಹತ್ತಿರ ಇರುವುದು ಇದು:

ಅಪ್ಪನ ಟಂಟಂಗ ಬ್ರೇಕ್ ಹಿಡಿಯಂಗಿಲ್ಲ
ತಪ್ಪ ಹುಡುಕೂ ಓಣಿ ಬಾಯಿಗೂ ಬ್ರೇಕಿಲ್ಲ

ಮೂರು ಗಾಲಿ ಗಾಡಿಯ ಈ ಎರಡು ಸಾಲಿಗೆ ಒಂದೂ ಕಾಮೆಂಟ್ ಬಂದಿಲ್ಲ ಅಂತ ಬೇಜಾರಾಗಿದ್ದೀಯ. ನಾನಂತೂ ಎದ್ದು ಕೂತೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಸಾಲಿನ ತುದಿಯ ಪ್ರಾಸ ಪುಕ್ಕಟೆ ಸಿಗುತ್ತದೆ. ಹಳೆಯ ಕವಿಗಳು ಅದಕ್ಕೆ ಬೆಲೆ ಕೊಡದೆ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಕಟ್ಟಿದರು. ಅಪ್ಪ, ತಪ್ಪ. ಯಾರೂ ಹೇಳಿಕೊಡದೆ ನಿನ್ನ ಬಾಯಿಗೆ ಅದು ಬಂದಿದೆ.

ದುಡ್ಡಿನ ಪಾಲಿನ ಬಗ್ಗೆಯೂ ಕೇಳಿದ್ದೀಯ. ಹಾಡಿನ ಮಾತು ಬರೆದವರು ತಮ್ಮ ರಾಯಲ್ಟಿ ಪಾಲನ್ನು ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟರೂ ಅದು ನಡೆಯದಂತೆ 2012ರಲ್ಲೇ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದಿದೆ. ಯಾರು ಎಷ್ಟು ಬರೆದರು ಅಂತ ಹಾಡು ಮಾಡಿದ ನೀವು ನಾಲ್ವರೂ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ. ಆ ಹುಡುಗನೂ ಸೇರಿದರೆ ಐವರು.

ವಿಡಿಯೋದ ಕೆಳಗಿನ ಬರಹ ತಿದ್ದಲು ಎರಡು ನಿಮಿಷ ಸಾಕಂತೆ, ಮೊಮ್ಮಗ ಹೇಳಿದ. ಮುದ್ರಣಕ್ಕೆ ಕಾಯಬೇಕಾಗಿಲ್ಲ. ನಾನು ಬರುವ ವಾರ ಹಾವೇರಿಗೆ ಹೋಗುವವನಿದ್ದೇನೆ. ಹೇಳುತ್ತೇನೋ, ಮತ್ತೆ ಮಳೆ ಬಗ್ಗೆಯೇ ಮಾತಾಡುತ್ತೇನೋ, ಗೊತ್ತಿಲ್ಲ.

ಅಂದಹಾಗೆ, ಅಪ್ಪನ ಟಂಟಂ ಬ್ರೇಕ್ ರಿಪೇರಿ ಆಯ್ತಾ? ಅದಕ್ಕೊಂದು ಉತ್ತರ ಮೊದಲು ಬರೆ.

ನಿನ್ನ
ಹಳೇ ಮೇಷ್ಟ್ರು