ಸಣ್ಣ ಕಾಲೇಜುಗಳಲ್ಲಿ ಮೊದಲು ಆಫೀಸು ಸರಿಹೋಗಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಬೆನ್ನಿಗೇ ತಾಲ್ಲೂಕು ಪಟ್ಟಣಗಳ ಖಾಸಗಿ ಪದವಿ ಕಾಲೇಜುಗಳಲ್ಲಿ ಅಡ್ಮಿಷನ್ ಶುರುವಾಗುತ್ತದೆ. ನೂರೈವತ್ತೋ ಇನ್ನೂರೋ ಮಕ್ಕಳು, ಐದಾರು ಜನ ಉಪನ್ಯಾಸಕರು, ಸರ್ಕಾರದ ಅನುದಾನವಿಲ್ಲ, ಎಷ್ಟೋ ಕಡೆ ಬಾಡಿಗೆ ಕಟ್ಟಡ. ಇಂಥ ಕಾಲೇಜುಗಳ ಬಗ್ಗೆ ಚರ್ಚೆ ಬಂದಾಗಲೆಲ್ಲ ಪಾಠದ ಗುಣಮಟ್ಟದ ಮಾತೇ ಮುಂದೆ ಬರುತ್ತದೆ. ಅದು ಬೇಕಾದ ಮಾತೇ. ಆದರೆ ಇಲ್ಲಿ ಓದುವ ಹುಡುಗ ಹುಡುಗಿಯರ ವರ್ಷ ಕೈತಪ್ಪುವುದು ತರಗತಿಯಲ್ಲಿ ಕಡಿಮೆ, ಆಫೀಸಿನ ಕಿಟಕಿಯ ಮುಂದೆ ಹೆಚ್ಚು. ಸ್ಕಾಲರ್‌ಶಿಪ್, ಪರೀಕ್ಷಾ ಅರ್ಜಿ, ಇಂಟರ್ನಲ್ ಅಂಕ, ಶುಲ್ಕದ ರಸೀದಿ ಎಲ್ಲವೂ ಒಬ್ಬರೇ ಕ್ಲರ್ಕ್ ಕೈಯಲ್ಲಿ. ಅವರು ಒಂದು ವಾರ ರಜೆ ಹಾಕಿದರೆ ಕಾಲೇಜಿನ ಅರ್ಧ ಕೆಲಸ ನಿಲ್ಲುತ್ತದೆ. ಈ ಕಾಲೇಜುಗಳಲ್ಲಿ ಪಾಠ ಮಾಡುತ್ತ, ಆಫೀಸು ನೋಡಿಕೊಳ್ಳುತ್ತ ಬಂದಿರುವ ನಾವು ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಸ್ಕಾಲರ್‌ಶಿಪ್. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದರೆ ಮುಗಿಯಿತು ಎಂದು ಮಕ್ಕಳೂ ಮನೆಯವರೂ ತಿಳಿದಿರುತ್ತಾರೆ. ಅರ್ಜಿ ಬೀಳುವುದು ಮೂರು ಕಡೆ. ಒಂದು, ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ’, ಆಧಾರ್‌ನಲ್ಲಿ ‘ಮಂಜುನಾಥ ಬಸಪ್ಪ’ ಅಂತಿದ್ದರೆ ತಾಳೆಯಾಗುವುದಿಲ್ಲ. ಎರಡು, ಜಾತಿ ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ, ಆರ್‌ಡಿ ನಂಬರ್. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಹೈಸ್ಕೂಲಿನ ಆರಂಭದಲ್ಲಿ ಮಾಡಿಸಿದ್ದು ಪದವಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ, ಗೊತ್ತಾಗುವುದು ಅರ್ಜಿ ತಿರಸ್ಕೃತವಾದ ಮೇಲೆ. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು, ಬ್ಯಾಂಕ್ ಖಾತೆ.

ಇಲ್ಲಿ ಆಗುವ ಗೊಂದಲವನ್ನು ಬಿಡಿಸಿ ಹೇಳಬೇಕು. ಖಾತೆಗೆ ಆಧಾರ್ ‘ಲಿಂಕ್’ ಆಗಿರುವುದು ಬೇರೆ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ನಿಗಮದಲ್ಲಿ ದಾಖಲಾಗಿರುವುದು ಬೇರೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದರೆ ಅದು ಗುರುತಿನ ದಾಖಲೆ ಮಾತ್ರ. ನೇರ ನಗದು ವರ್ಗಾವಣೆಯ ಹಣ ಬರಬೇಕಾದರೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಫಾರಂ ಕೊಟ್ಟು ಈ ಮ್ಯಾಪಿಂಗ್, ಅಂದರೆ ಆಧಾರ್ ಸೀಡಿಂಗ್ ಮಾಡಿಸಬೇಕು. ಒಂದು ಆಧಾರ್‌ಗೆ ಒಂದೇ ಖಾತೆ ಸೀಡ್ ಆಗಿರುತ್ತದೆ, ಕೊನೆಗೆ ಯಾವುದಕ್ಕೆ ಮಾಡಿಸಿದ್ದೀರೋ ಹಣ ಅಲ್ಲಿಗೇ ಹೋಗುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವನು ತೆರೆದುಕೊಟ್ಟ ಪೇಮೆಂಟ್ ಬ್ಯಾಂಕ್ ಖಾತೆಗೆ ಎಷ್ಟೋ ಮಕ್ಕಳ ಸ್ಕಾಲರ್‌ಶಿಪ್ ಹೋಗಿ ಕೂತಿದೆ, ಅವರಿಗೆ ಆ ಖಾತೆ ಇರುವುದೇ ನೆನಪಿಲ್ಲ. ಶಾಲೆಯಲ್ಲಿದ್ದಾಗ ತೆರೆದ ಖಾತೆ ವರ್ಷಗಟ್ಟಲೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದರೂ ಹಣ ವಾಪಸ್ ಹೋಗಬಹುದು. ಮೈ ಆಧಾರ್ ಜಾಲತಾಣದಲ್ಲಿ ಲಾಗಿನ್ ಆಗಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಯಾವ ಬ್ಯಾಂಕ್, ಚಾಲ್ತಿಯಲ್ಲಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಅಡ್ಮಿಷನ್ ದಿನವೇ ಕಾಲೇಜಿನವರು ಇದನ್ನು ನೋಡಿ, ಅರ್ಜಿಯ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಫೆಬ್ರುವರಿ ಮಾರ್ಚ್‌ನಲ್ಲಿ ಆಗುವ ಅಳು ತಪ್ಪುತ್ತದೆ.

ಪರಿಶಿಷ್ಟ ಜಾತಿಯ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಎರಡೂ ಒಂದೇ ದಿನ ಬರುವುದಿಲ್ಲ. ಮೊದಲ ಕಂತು ಬಂದಾಗ ಇಷ್ಟೇ ಎಂದುಕೊಂಡು ಮನೆಯ ಖರ್ಚಿಗೆ ಬಳಸಿಬಿಡುತ್ತಾರೆ, ಆಮೇಲೆ ಕಾಲೇಜು ಶುಲ್ಕ ಕೇಳಿದಾಗ ಜಗಳ. ಹಣ ಕಾಲೇಜಿಗೆ ಬರುವುದಿಲ್ಲ, ವಿದ್ಯಾರ್ಥಿಯ ಖಾತೆಗೇ ಬರುತ್ತದೆ, ಅದರಲ್ಲಿ ಶುಲ್ಕದ ಭಾಗ ಯಾವುದು, ನಿರ್ವಹಣಾ ಭತ್ಯೆ ಯಾವುದು ಎಂಬುದನ್ನು ತಂದೆ ತಾಯಿಯನ್ನು ಎದುರು ಕೂರಿಸಿಕೊಂಡು ಹೇಳಬೇಕು. ಹೇಳುವವರಿಲ್ಲ. ಸಣ್ಣ ಕಾಲೇಜಿಗೂ ಕಷ್ಟವಿದೆ ನಿಜ. ಶುಲ್ಕ ಬಂದರೆ ತಾನೇ ಉಪನ್ಯಾಸಕರಿಗೆ ಸಂಬಳ. ಆದರೂ ಸ್ಕಾಲರ್‌ಶಿಪ್ ಬಾಕಿ ಇರುವ ವಿದ್ಯಾರ್ಥಿಗೆ ಹಾಲ್ ಟಿಕೆಟ್ ತಡೆಹಿಡಿಯುವುದನ್ನು ಯಾವ ಕಾರಣ ಕೊಟ್ಟರೂ ಒಪ್ಪಲಾಗದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ವರ್ಷಕ್ಕೆ 10 ತಿಂಗಳು ಊಟ, ವಸತಿಯ ಖರ್ಚಿಗೆ ಹಣ ಸಿಗುತ್ತದೆ. ಬಾಡಿಗೆ ಕೋಣೆಯಲ್ಲಿದ್ದು ಓದುವವರಿಗೆ ಅದು ದೊಡ್ಡ ಆಸರೆ. ಇದರ ಹೆಸರೇ ಕೇಳದ ಮಕ್ಕಳು ಇಂಥ ಕಾಲೇಜುಗಳಲ್ಲಿ ಇದ್ದಾರೆ.

ಇನ್ನು ಯುಯುಸಿಎಂಎಸ್, ಅಂದರೆ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಪ್ರವೇಶ, ಪರೀಕ್ಷೆ, ಅಂಕಗಳ ಕೆಲಸ ನಡೆಯುವ ರಾಜ್ಯದ ಆನ್‌ಲೈನ್ ವ್ಯವಸ್ಥೆ. ಪರೀಕ್ಷೆಯ ಅರ್ಜಿಯನ್ನು ವಿದ್ಯಾರ್ಥಿ ತನ್ನ ಲಾಗಿನ್‌ನಲ್ಲಿ ತುಂಬಬೇಕು. ನಡೆಯುವುದೇನೆಂದರೆ ಪಾಸ್‌ವರ್ಡ್ ಇರುವುದು ಸೈಬರ್ ಸೆಂಟರಿನವರ ಬಳಿ. ನೂಕುನುಗ್ಗಲಿನಲ್ಲಿ ಅವರು ಐಚ್ಛಿಕ ವಿಷಯವನ್ನು ತಪ್ಪು ಆರಿಸಿದರೆ ಅದು ಕಣ್ಣಿಗೆ ಬೀಳುವುದು ಹಾಲ್ ಟಿಕೆಟ್ ಕೈಗೆ ಬಂದ ದಿನ. ಆಗ ವಿದ್ಯಾರ್ಥಿ ತಿದ್ದುವಂತಿಲ್ಲ. ಕಾಲೇಜು ಲಾಗಿನ್‌ನಿಂದ ಕೋರಿಕೆ ಹೋಗಬೇಕು, ವಿಶ್ವವಿದ್ಯಾಲಯ ತಿದ್ದಬೇಕು, ಪರೀಕ್ಷೆಗೆ ಉಳಿದಿರುವುದು ಎರಡು ಮೂರು ದಿನ. ಅರ್ಜಿ ಸಲ್ಲಿಸುವ ಮೊದಲು ಒಂದು ಪ್ರತಿ ಮುದ್ರಿಸಿ, ಆ ಸೆಮಿಸ್ಟರಿನ ವಿಷಯಗಳ ಪಟ್ಟಿಯ ಪಕ್ಕದಲ್ಲಿಟ್ಟು ಕೋಡ್ ಸಮೇತ ತಾಳೆ ನೋಡಿ ಸಹಿ ಹಾಕಿಸುವ ಪದ್ಧತಿ ಇಟ್ಟುಕೊಂಡ ಕಾಲೇಜುಗಳಲ್ಲಿ ಈ ತಪ್ಪು ಆಗುವುದೇ ಅಪರೂಪ.

ಇಂಟರ್ನಲ್ ಅಂಕದ ಕಥೆಯೂ ಇದೇ. ಉಪನ್ಯಾಸಕರು ಕಾಗದದಲ್ಲಿ ಬರೆದುಕೊಟ್ಟಿದ್ದನ್ನು ಆಫೀಸಿನಲ್ಲಿ ಟೈಪ್ ಮಾಡುತ್ತಾರೆ. ಸಾಲು ಒಂದು ಮೇಲೆ ಕೆಳಗಾದರೆ ಒಬ್ಬನ ಅಂಕ ಇನ್ನೊಬ್ಬನಿಗೆ. ಖಾಲಿ ಬಿಟ್ಟಿದ್ದು ಗೈರುಹಾಜರಿ ಎಂದಾಗುತ್ತದೆ, ಫಲಿತಾಂಶ ತಡೆಹಿಡಿಯಲ್ಪಡುತ್ತದೆ. ಅಂಕಗಳನ್ನು ಲಾಕ್ ಮಾಡುವ ಮೊದಲು ಎರಡು ದಿನ ನೋಟಿಸ್ ಬೋರ್ಡಿನಲ್ಲಿ ಹಾಕಿ. ತನ್ನ ಅಂಕ ಸರಿಯಿಲ್ಲ ಎಂದು ಮೊದಲು ಗುರುತಿಸುವವನು ವಿದ್ಯಾರ್ಥಿಯೇ. ಒಂದು ಹಾಳೆ, ನಾಲ್ಕು ಪಿನ್ನು, ಇದಕ್ಕೆ ಬೇಕಾದ ಖರ್ಚು ಇಷ್ಟೇ. ಲಾಕ್ ಆದ ಮೇಲೆ ತಿದ್ದಿಸಲು ಪ್ರಾಂಶುಪಾಲರ ಪತ್ರ, ದಂಡ, ವಿಶ್ವವಿದ್ಯಾಲಯಕ್ಕೆ ಓಡಾಟ ಎಲ್ಲವೂ ಬೇಕಾಗುತ್ತದೆ, ಬಸ್ ಚಾರ್ಜು ವಿದ್ಯಾರ್ಥಿಯದೇ.

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಪದವಿ. ನಡುವಿನ ಬ್ಯಾಚುಗಳಲ್ಲಿ ಬಾಕಿ ವಿಷಯ ಉಳಿಸಿಕೊಂಡವರಿಗೆ ಇದು ದೊಡ್ಡ ತೊಡಕು. ಅವರ ಮುಕ್ತ ಐಚ್ಛಿಕ ವಿಷಯವನ್ನು ಈಗ ಕಾಲೇಜಿನಲ್ಲಿ ಯಾರೂ ಕಲಿಸುತ್ತಿಲ್ಲ, ಆ ಉಪನ್ಯಾಸಕರೇ ಕೆಲಸ ಬಿಟ್ಟು ಹೋಗಿದ್ದಾರೆ. ಅಂಥವರ ಹೆಸರು, ವಿಷಯದ ಕೋಡ್, ಹಿಂದಿನ ಪ್ರಶ್ನೆಪತ್ರಿಕೆ ಇಷ್ಟನ್ನು ಒಂದು ಫೈಲಿನಲ್ಲಿಟ್ಟು, ಪರೀಕ್ಷಾ ಅಧಿಸೂಚನೆ ಬಂದಾಗ ಫೋನ್ ಮಾಡಿ ತಿಳಿಸುವುದು ಕಾಲೇಜಿನ ಹೊಣೆ. ಓದು ಮುಗಿಸಿ ಹೋದವರನ್ನು ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದುಹಾಕುವುದರಿಂದಲೇ ಎಷ್ಟೋ ಜನ ಅರ್ಜಿಯ ದಿನಾಂಕ ತಪ್ಪಿಸಿಕೊಳ್ಳುತ್ತಾರೆ.

ದಾಖಲೆಗಳ ವಿಷಯ. ಪ್ರವೇಶದ ವೇಳೆ ವರ್ಗಾವಣೆ ಪತ್ರದ ಮೂಲಪ್ರತಿಯನ್ನು ಕಾಲೇಜು ಇಟ್ಟುಕೊಳ್ಳುವುದು ಸರಿ, ಅದು ಕ್ರಮ. ಆದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗಳ ಮೂಲಪ್ರತಿ ನೋಡಿ ಅಲ್ಲೇ ವಾಪಸ್ ಕೊಡಬೇಕು, ಸ್ವಯಂ ದೃಢೀಕರಿಸಿದ ನಕಲು ಸಾಕು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಾಲೇಜು ಬಿಟ್ಟುಹೋಗದಿರಲಿ ಎಂದು ಅಂಕಪಟ್ಟಿ ಹಿಡಿದಿಟ್ಟರೆ ಪೊಲೀಸ್ ನೇಮಕಾತಿಯ ದಾಖಲೆ ಪರಿಶೀಲನೆಗೆ ಆ ಹುಡುಗ ಏನನ್ನು ತೆಗೆದುಕೊಂಡು ಹೋಗಬೇಕು? ಅದೇ ಅಧಿಸೂಚನೆಯಲ್ಲಿ ಶುಲ್ಕ ಮರುಪಾವತಿಯ ಲೆಕ್ಕವೂ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಹಣ, ಅದರಲ್ಲಿ ಶೇ 5ರಷ್ಟು, ಹೆಚ್ಚೆಂದರೆ 5,000 ರೂಪಾಯಿ ಮಾತ್ರ ಕಡಿತ. ಕೊನೆಯ 15 ದಿನಗಳ ಒಳಗಾದರೆ ಶೇ 90. ಕೊನೆಯ ದಿನ ಕಳೆದು 15 ದಿನದವರೆಗೆ ಶೇ 80, 30 ದಿನದವರೆಗೆ ಶೇ 50, ಆಮೇಲೆ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಗಡುವನ್ನೂ ಕೊಟ್ಟಿದೆ. ಆದರೆ ರಸೀದಿಯೇ ಇಲ್ಲದಿದ್ದರೆ ಯಾವ ನಿಯಮವೂ ಉಪಯೋಗಕ್ಕೆ ಬರುವುದಿಲ್ಲ. ಕಟ್ಟಿದ್ದು ಹನ್ನೆರಡು ಸಾವಿರ, ರಸೀದಿ ಎಂಟು ಸಾವಿರಕ್ಕೆ, ಉಳಿದದ್ದು ಬಿಳಿ ಚೀಟಿಯಲ್ಲಿ. ಹೀಗಾದಾಗ ಸ್ಕಾಲರ್‌ಶಿಪ್‌ನಲ್ಲೂ ಎಂಟು ಸಾವಿರವೇ ಲೆಕ್ಕ. ಸಮವಸ್ತ್ರ, ಐಡಿ ಕಾರ್ಡ್, ಕಾಲೇಜು ಡೇ ಎಲ್ಲಕ್ಕೂ ರಸೀದಿ ಕೇಳಿ ಪಡೆಯಿರಿ, ಯುಪಿಐನಲ್ಲಿ ಕೊಟ್ಟರೆ ಅದು ಸಂಸ್ಥೆಯ ಖಾತೆಯೋ ಯಾರದೋ ಸ್ವಂತ ನಂಬರೋ ನೋಡಿ. ಬಿಸಿಎ, ಬಿಬಿಎಗೆ ಸೇರುವವರು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಅನುಮೋದನೆಯ ಪತ್ರವನ್ನೂ ಕೇಳಬೇಕು. 2024–25ರಿಂದ ಈ ಕೋರ್ಸುಗಳು ಅದರ ವ್ಯಾಪ್ತಿಗೆ ಬಂದಿವೆ.

ತರಗತಿಯ ಮಾತನ್ನು ಪೂರ್ತಿ ಬಿಡುವಂತಿಲ್ಲ. ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಪಟ್ಟಿ ಪ್ರಕಟವಾಯಿತೆಂದರೆ ಇಲ್ಲಿಂದ ಒಬ್ಬಿಬ್ಬರು ಹೊರಟೇ ಹೋಗುತ್ತಾರೆ. ಅಲ್ಲಿನ ಗೌರವಧನಕ್ಕೂ ಇಲ್ಲಿನ ಸಂಬಳಕ್ಕೂ ಅಂತರ ಅಷ್ಟಿದೆ, ಅವರನ್ನು ದೂರುವಂತಿಲ್ಲ. ಸೆಮಿಸ್ಟರ್ ನಡುವೆ ಲೆಕ್ಕಶಾಸ್ತ್ರ ಕಲಿಸುವವರು ಹೋದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು ಕನ್ನಡ ತರಗತಿಯದು. ಬಿಎ, ಬಿಕಾಂ ಮಕ್ಕಳನ್ನು ಒಂದೇ ಹಾಲಿನಲ್ಲಿ ಕೂರಿಸಿ ಪಾಠ ಮಾಡಿಸುತ್ತಾರೆ. ಆದರೆ ಎರಡು ಕೋರ್ಸಿಗೂ ಕನ್ನಡ ಪಠ್ಯ ಬೇರೆ ಬೇರೆ ಇರುತ್ತದೆ. ಬಿಎ ಪಠ್ಯದ ಪಾಠ ನಡೆದಷ್ಟು ಹೊತ್ತು ಬಿಕಾಂ ಮಕ್ಕಳು ಬೇರೆ ಪುಸ್ತಕ ಹಿಡಿದು ಸುಮ್ಮನೆ ಕೂತಿರುತ್ತಾರೆ, ಪರೀಕ್ಷೆಯಲ್ಲಿ ಎಲ್ಲರೂ ಪಾಸಾಗುವ ವಿಷಯ ಎಂದುಕೊಂಡ ಕನ್ನಡದಲ್ಲೇ ಬ್ಯಾಕ್‌ಲಾಗ್ ಉಳಿಯುತ್ತದೆ.

ಹಾಜರಾತಿ ಶೇ 75 ಬೇಕು. ಹಳ್ಳಿಯಿಂದ ಬರುವ ಬಸ್ಸು ಪಟ್ಟಣ ತಲುಪುವುದು ಹತ್ತು ಗಂಟೆಗೆ, ಮೊದಲ ತರಗತಿ ಒಂಬತ್ತೂವರೆಗೆ ಎಂದಿಟ್ಟರೆ ಆ ವಿಷಯದಲ್ಲಿ ಆ ಊರಿನ ಮಕ್ಕಳಿಗೆಲ್ಲ ಶಾರ್ಟೇಜ್. ವೇಳಾಪಟ್ಟಿ ಬರೆಯುವ ಮೊದಲು ಬಸ್ ನಿಲ್ದಾಣಕ್ಕೆ ಹೋಗಿ ಯಾವ ಮಾರ್ಗದ ಬಸ್ಸು ಎಷ್ಟಕ್ಕೆ ಬರುತ್ತದೆ ಎಂದು ಬರೆದುಕೊಂಡು ಬರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟಿನ ಚಿಂತೆ ಹೋಯಿತು, ಮನೆಯವರು ಕಾಲೇಜು ಬಿಡಿಸಲು ಹೇಳುತ್ತಿದ್ದ ಒಂದು ಕಾರಣವೂ ಹೋಯಿತು. ಖಾಸಗಿ ಬಸ್ಸುಗಳೇ ಓಡುವ ಕರಾವಳಿಯ ಮಾರ್ಗಗಳಲ್ಲಿ ಮಾತ್ರ ಆ ಅನುಕೂಲವಿಲ್ಲ.

ಹೆಣ್ಣುಮಕ್ಕಳ ಶೌಚಾಲಯದ ಬಗ್ಗೆ ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಕೆಳಗೆ ಗೊಬ್ಬರದ ಅಂಗಡಿ, ಮೇಲಿನ ಮಹಡಿಯಲ್ಲಿ ಕಾಲೇಜು. ಒಂದೇ ಶೌಚಾಲಯ, ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯಲ್ಲಿ ನೀರಿಲ್ಲ. ಬೆಳಿಗ್ಗೆಯಿಂದ ಸಂಜೆ ಮನೆ ಸೇರುವವರೆಗೆ ನೀರನ್ನೇ ಕುಡಿಯದೆ ಕೂರುವ ಹುಡುಗಿಯರು, ತಿಂಗಳಿಗೆ ಮೂರು ನಾಲ್ಕು ದಿನ ಕಾಲೇಜಿಗೇ ಬಾರದವರು ಇದ್ದಾರೆ. ಅವರ ಹಾಜರಾತಿ ಕಡಿಮೆಯಾಗಲು ಸೋಮಾರಿತನ ಕಾರಣವಲ್ಲ. ಒಂದು ಸಾವಿರ ಲೀಟರಿನ ಸಿಂಟೆಕ್ಸ್, ಒಳಗಿನಿಂದ ಹಾಕುವ ಚಿಲಕ, ಮುಚ್ಚಳವಿರುವ ಬುಟ್ಟಿ, ದಿನಕ್ಕೆರಡು ಬಾರಿ ಸ್ವಚ್ಛ ಮಾಡುವವರಿಗೆ ಸರಿಯಾದ ಕೂಲಿ. ಕಾಲೇಜು ಡೇಗೆ ಹಾಕುವ ಶಾಮಿಯಾನ, ಸೌಂಡ್ ಸಿಸ್ಟಂ ಖರ್ಚನ್ನು ಒಂದು ವರ್ಷ ಇತ್ತ ತಿರುಗಿಸಿದರೂ ಇದರ ಬಹುಪಾಲು ಆಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಕಾಲೇಜುಗಳನ್ನು ಮುಚ್ಚಿ ಎಂದು ನಾವು ಹೇಳುವುದಿಲ್ಲ. ಮೂರು ದಿನ ಬಾರದ ವಿದ್ಯಾರ್ಥಿಯ ಮನೆಗೆ ಉಪನ್ಯಾಸಕರೇ ಫೋನ್ ಮಾಡುವುದು, ಹಿರಿಯ ವಿದ್ಯಾರ್ಥಿಗಳ ಪುಸ್ತಕ ಕಿರಿಯರ ಕೈಗೆ ಹೋಗುವುದು, ತರಗತಿಯಲ್ಲಿ ಬಾಯಿಬಿಡದ ಹುಡುಗಿಯ ಹೆಸರೂ ಊರೂ ಎಲ್ಲರಿಗೂ ಗೊತ್ತಿರುವುದು ಇಲ್ಲಿ ಮಾತ್ರ ನೋಡಸಿಗುವಂಥದ್ದು. ದೂರದ ಊರಿಗೆ ಕಳಿಸುವುದಿಲ್ಲ ಎನ್ನುವ ಮನೆಗಳ ಮಕ್ಕಳಿಗೆ ಪದವಿಯ ದಾರಿ ಇದೊಂದೇ.

ದೂರು ಕೊಡುವ ದಾರಿಯೂ ತಿಳಿದಿರಲಿ. 2023ರ ಯುಜಿಸಿ ನಿಯಮಾವಳಿಯ ಪ್ರಕಾರ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನಗಳ ಒಳಗೆ ವಿಶ್ವವಿದ್ಯಾಲಯದಲ್ಲಿ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ರ‍್ಯಾಗಿಂಗ್ ಇದ್ದರೆ 1800-180-5522ಕ್ಕೆ ಕರೆ ಮಾಡಬಹುದು. ದೂರನ್ನು ಬಾಯಿಮಾತಿನಲ್ಲಿ ಹೇಳಬೇಡಿ. ಎರಡು ಪ್ರತಿ ಬರೆದು, ಒಂದರ ಮೇಲೆ ಆಫೀಸಿನ ಸೀಲು, ದಿನಾಂಕ ಹಾಕಿಸಿ ಇಟ್ಟುಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ವಿಶ್ವವಿದ್ಯಾಲಯಗಳಿಗೆ ನಮ್ಮ ಒಂದು ಕೋರಿಕೆ. ಸಂಯೋಜನೆಯ (ಕಾಲೇಜಿಗೆ ವಿಶ್ವವಿದ್ಯಾಲಯ ಕೊಡುವ ಮಾನ್ಯತೆಯ) ನವೀಕರಣಕ್ಕೆ ಬರುವ ಸ್ಥಳೀಯ ವಿಚಾರಣಾ ಸಮಿತಿ ಕಟ್ಟಡದ ಅಳತೆ, ಗ್ರಂಥಾಲಯದ ಪುಸ್ತಕ, ಉಪನ್ಯಾಸಕರ ಪಟ್ಟಿ ನೋಡಿ ಊಟ ಮುಗಿಸಿ ಹೊರಡುತ್ತದೆ. ಅದರ ಜೊತೆಗೆ ಆಡಳಿತ ಮಂಡಳಿಯವರೂ ಪ್ರಾಂಶುಪಾಲರೂ ಇಲ್ಲದ ಕೋಣೆಯಲ್ಲಿ ಹತ್ತು ವಿದ್ಯಾರ್ಥಿಗಳ ಜೊತೆ ಒಂದು ಗಂಟೆ ಕೂರಲಿ. ಆ ಹತ್ತು ಜನರನ್ನು ಹಾಜರಿ ಪುಸ್ತಕ ನೋಡಿ ಸಮಿತಿಯೇ ಆರಿಸಲಿ. ಕಳೆದ ವರ್ಷ ಎಷ್ಟು ಜನರ ಸ್ಕಾಲರ್‌ಶಿಪ್ ಅರ್ಜಿ ತಿರಸ್ಕೃತವಾಯಿತು, ಯಾವ ಕಾರಣಕ್ಕೆ, ಎಷ್ಟು ಫಲಿತಾಂಶ ತಡೆಹಿಡಿಯಲ್ಪಟ್ಟಿತು, ಯಾವ ತಿಂಗಳು ಸರಿಹೋಯಿತು ಎಂಬ ರಿಜಿಸ್ಟರನ್ನು ಕೇಳಿ ನೋಡಲಿ. ಅಂಥ ರಿಜಿಸ್ಟರ್ ಇಲ್ಲದ ಕಾಲೇಜಿಗೆ ಮುಂದಿನ ಅಡ್ಮಿಷನ್ ಶುರುವಾಗುವ ಮೊದಲೇ ಅದನ್ನು ತೆರೆಯುವಂತೆ ಷರತ್ತು ಹಾಕಿ, ಆಮೇಲೆ ನವೀಕರಣಕ್ಕೆ ಸಹಿ ಮಾಡಲಿ.

ಇತಿ,
ಅನುದಾನರಹಿತ ಪದವಿ ಕಾಲೇಜುಗಳ ಕೆಲವು ಉಪನ್ಯಾಸಕರು ಮತ್ತು ಕಚೇರಿ ಸಿಬ್ಬಂದಿ